ಗಣಕವಿದ್ಯೆಯ ಮೊದಲ ಪಾಠ ಮತ್ತು ಪ್ರಾಮಾಣಿಕತೆ

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ 1998ರಲ್ಲಿ ತಾಂತ್ರಿಕ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ನಮ್ಮ ಸೀಮೆಯಿಂದ ಇಂಜಿನಿಯರಿಂಗ್ ವ್ಯಾಸಂಗಕ್ಕೆ ತೆರಳುವವರಲ್ಲಿ ಅನೇಕರು ಅದರ ವಿದ್ಯಾರ್ಥಿಗಳಾಗುತ್ತಾರೆ. ಗಣಕಯಂತ್ರಕ್ಕೆ ಕ್ರಮವಿಧಿಯನ್ನು, ಅಂದರೆ ಪ್ರೋಗ್ರಾಮನ್ನು, ಬರೆಯುವ ವಿದ್ಯೆ ಅವರಿಗೆ ಆರಂಭದಲ್ಲಿಯೇ ಎದುರಾಗುತ್ತದೆ. ಅದರೊಡನೆಯೇ ಒಂದು ಪ್ರಲೋಭನೆಯೂ ಎದುರಾಗುತ್ತದೆ. ಸಹಪಾಠಿ ಬರೆದುದನ್ನು ಇಳಿಸಿಕೊಂಡು ತನ್ನದೆಂದು ಒಪ್ಪಿಸುವುದೇ ಆ ಪ್ರಲೋಭನೆ.

ಇದರಿಂದಾಗುವ ಹಾನಿಯನ್ನು ಒಂದು ಚಿಕ್ಕ ಉದಾಹರಣೆಯಿಂದ ತಿಳಿಯೋಣ. 7ನ್ನು 2ರಿಂದ ಭಾಗಿಸಿದರೆ 3.5 ಬರಬೇಕಷ್ಟೆ. ಆದರೆ ಡೆನಿಸ್ ರಿಚಿಯವರು 1972ರ ಸುಮಾರಿಗೆ ರೂಪಿಸಿದ 'ಸಿ' ಭಾಷೆಯಲ್ಲಿ ಎರಡನ್ನೂ ಪೂರ್ಣಾಂಕಗಳೆಂದು ಬರೆದು ಭಾಗಿಸಿದರೆ ಯಂತ್ರವು 3 ಎಂದು ಉತ್ತರಿಸುತ್ತದೆ. ದಶಾಂಶವನ್ನು ಸದ್ದಿಲ್ಲದೆ ಕೈಬಿಡುತ್ತದೆ, ತಪ್ಪಾಯಿತೆಂದು ಎಚ್ಚರಿಸುವುದಿಲ್ಲ. ಸ್ವತಃ ಬರೆದವನು ಕಾಗದದ ಮೇಲೆ ಲೆಕ್ಕವನ್ನು ತಾಳೆನೋಡಿ ಕಾರಣವನ್ನು ಹುಡುಕುತ್ತಾನೆ. ನಕಲು ಮಾಡಿದವನಲ್ಲಿ ಸಂಶಯವೇ ಹುಟ್ಟುವುದಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರು ಬೆಂದ ಗೂಡಿನಲ್ಲಿ ಎಳೆಯ ತುದಿಯನ್ನು ಹುಡುಕಿ ಹಿಡಿಯುತ್ತಾರೆ. ಎಳೆ ತುಂಡಾದರೆ ಮತ್ತೆ ಹುಡುಕುತ್ತಾರೆ. ಸಿದ್ಧ ನೂಲನ್ನು ಕೊಂಡು ತಂದವನಿಗೆ ಆ ಕೈಚಳಕ ಬಾರದು.

ಇದು ಕೇವಲ ಅಂಕಗಳ ಮಾತಲ್ಲ. ಗೌರಿಬಿದನೂರಿನಲ್ಲಿ 1960ರ ದಶಕದಲ್ಲಿ ಆರಂಭವಾದ ಭೂಕಂಪನ ಮಾಪನ ಕೇಂದ್ರವಿದೆ. ದೂರದೇಶದಿಂದ ಬಂದ ಕಂಪನವು ಭೂಕಂಪದ್ದೋ ಭೂಗತ ಅಣುಸ್ಫೋಟದ್ದೋ ಎಂಬುದನ್ನು ಇಂತಹ ಕೇಂದ್ರಗಳು ಲೆಕ್ಕಾಚಾರದಿಂದ ವಿವೇಚಿಸಬೇಕು. ಅಂಥ ಹೊಣೆಯ ಕೆಲಸಕ್ಕೆ ನಾಳೆ ಕೈಹಚ್ಚುವವರು ಇಂದಿನ ವಿದ್ಯಾರ್ಥಿಗಳೇ ಅಲ್ಲವೆ?

ನಕಲನ್ನು ಪತ್ತೆಹಚ್ಚುವ ಸಾಧನಗಳೂ ಇವೆ. ಅಲೆಕ್ಸ್ ಐಕನ್ ಎಂಬ ಅಮೆರಿಕದ ವಿದ್ವಾಂಸರು 1994ರಲ್ಲಿ ರೂಪಿಸಿದ 'ಮಾಸ್' ಅಂಥದೊಂದು. ಚರಾಂಶಗಳ ಹೆಸರುಗಳನ್ನು ಬದಲಿಸಿದರೂ ಕ್ರಮವಿಧಿಯ ಒಳರಚನೆಯ ಹೋಲಿಕೆಯನ್ನು ಅದು ಗುರುತಿಸಬಲ್ಲುದು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಕೃತಿಚೌರ್ಯದ ವಿರುದ್ಧ ನಿಯಮಗಳನ್ನು ಹೊರಡಿಸಿತು. ಆದರೆ ಪ್ರೌಢಪ್ರಬಂಧ, ಸಂಶೋಧನ ಲೇಖನಗಳಿಗೆ ಅನ್ವಯಿಸುವ ಆ ನಿಯಮಗಳು ತರಗತಿಯ ಅಭ್ಯಾಸಗಳನ್ನೂ ಉತ್ತರಪತ್ರಿಕೆಗಳನ್ನೂ ತಮ್ಮ ವ್ಯಾಪ್ತಿಯಿಂದ ಹೊರಗಿರಿಸಿವೆ. ಮೊದಲ ವರ್ಷದ ಅಭ್ಯಾಸಪುಸ್ತಕವನ್ನು ಕಾಯುವವರು ಅಧ್ಯಾಪಕರು ಮತ್ತು ವಿದ್ಯಾರ್ಥಿಯ ಅಂತಃಸಾಕ್ಷಿ ಮಾತ್ರ.

ಹಾಗೆಂದು ಪರಸ್ಪರ ಸಹಾಯವು ದೋಷವಲ್ಲ. ಲೆಕ್ಕವನ್ನು ಬಿಡಿಸುವ ಹಾದಿಯನ್ನು ಗೆಳೆಯರೊಡನೆ ಚರ್ಚಿಸಬಹುದು, ಗುರುಗಳನ್ನು ಕೇಳಬಹುದು. ಅಧ್ಯಾಪಕರು ವಿಧಿಸಿದ ಎಲ್ಲೆಯನ್ನು ಮೊದಲು ತಿಳಿದುಕೊಳ್ಳಬೇಕು. ಬರೆಯಲು ಕುಳಿತಾಗ ಪರರ ಪುಟವನ್ನು ಮುಚ್ಚಬೇಕು. ಪಡೆದ ನೆರವನ್ನು ಕ್ರಮವಿಧಿಯ ಟಿಪ್ಪಣಿಯ ಸಾಲಿನಲ್ಲಿ ನಮೂದಿಸಬೇಕು. ಕೇಳಿದೊಡನೆ ಕ್ರಮವಿಧಿಯನ್ನು ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಇಂದು ಅಂಗೈಯಲ್ಲಿಯೇ ಇವೆ. ಅವುಗಳ ವಿಷಯದಲ್ಲಿಯೂ ಇದೇ ನೀತಿ ಸಲ್ಲುತ್ತದೆ. ಒಪ್ಪಿಸುವ ಮುನ್ನ ಪ್ರತಿಯೊಂದು ಸಾಲನ್ನೂ ತೋರಿಸಿ, 'ಇದು ಇಲ್ಲಿ ಏಕಿದೆ?' ಎಂದು ತನ್ನನ್ನೇ ಕೇಳಿಕೊಳ್ಳುವುದು ಉತ್ತಮ ಪರೀಕ್ಷೆ. ಉತ್ತರ ದೊರೆಯದ ಸಾಲು ಇನ್ನೂ ತನ್ನದಾಗಿಲ್ಲ.

ಓಡದ ಕ್ರಮವಿಧಿಯನ್ನು ನಿಜವಾಗಿ ತಾನೇ ಬರೆದು ಒಪ್ಪಿಸಿದವನಿಗೆ ಕೆಲವು ಅಂಕಗಳು ಕಡಿಮೆಯಾಗಬಹುದು. ಆದರೆ ಎಲ್ಲಿ ತಪ್ಪಿತೆಂದು ಗುರುಗಳು ಅವನಿಗೆ ತೋರಿಸಬಲ್ಲರು. ಪರರ ಉತ್ತರವನ್ನು ತಂದವನಿಗೆ ಕಲಿಸಲು ಯಾವ ಗುರುವಿಗೂ ಸಾಧ್ಯವಾಗದು. ಅವನ ತಪ್ಪು ಯಾರ ಕಣ್ಣಿಗೂ ಬೀಳುವುದೇ ಇಲ್ಲ.