ಉದ್ಯೋಗದಿಂದ ಸಂಶೋಧನೆಗೆ: ಲಿಂಬೆಯ ಚೀಲ ಕಲಿಸುವ ಪಾಠ

ಭೀಮಾ ತೀರದ ದೇವಣಗಾಂವದಲ್ಲಿ ಹುಟ್ಟಿ, ಬೆಂಗಳೂರಿನ ದೊಡ್ಡ ಕಂಪನಿಯೊಂದರ ಉಗ್ರಾಣವನ್ನು ಹತ್ತು ವರ್ಷ ನೋಡಿಕೊಂಡ ತರುಣನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಸಂಬಳವಿದೆ, ಹುದ್ದೆಯಿದೆ. ಆದರೂ ಅವನು ಡಾಕ್ಟರೇಟ್ ಸಂಶೋಧನೆಗೆ ಹೊರಡಲು ಬಯಸುತ್ತಾನೆ. ಕಂಪನಿಯಲ್ಲಿ ಬಗೆಹರಿಯದ ಯಾವ ಪ್ರಶ್ನೆ ಅವನನ್ನು ಕಾಡುತ್ತಿರಬಹುದು?

ಬೆಳೆಯುವವನಿಂದ ಬಳಸುವವನವರೆಗೆ ಸರಕು ಕೈಯಿಂದ ಕೈಗೆ ಸಾಗುವ ವ್ಯವಸ್ಥೆಗೆ ಪೂರೈಕೆ ಸರಪಳಿ ಎಂದು ಹೆಸರು. ಸರಕು ಮುಂದಕ್ಕೆ ಹರಿಯುತ್ತದೆ. ಬೇಡಿಕೆಯ ಸುದ್ದಿ ಹಿಂದಕ್ಕೆ ಹರಿಯುತ್ತದೆ. ಇಂಡಿ, ಸಿಂದಗಿ ಸೀಮೆಯ ಲಿಂಬೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಪಟ್ಟಣದ ವ್ಯಾಪಾರಿಯೊಬ್ಬನು ವಾರಕ್ಕೆ 100 ಚೀಲ ಮಾರುತ್ತಾನೆ. ಎರಡು ವಾರದ ಮಾರಾಟಕ್ಕೆ ಸಾಕಾಗುವಷ್ಟು, ಎಂದರೆ 200 ಚೀಲ, ದಾಸ್ತಾನು ಇಡುತ್ತಾನೆ. ಒಂದು ವಾರ ಮಾರಾಟ 110ಕ್ಕೆ ಏರಿತೆನ್ನಿ. ಉಳಿದದ್ದು 90. ಈಗ ಅವನಿಗೆ ಬೇಕಾದ ದಾಸ್ತಾನು 220. ಆದ್ದರಿಂದ 130 ಚೀಲ ತರಿಸುತ್ತಾನೆ. ಅವನಿಗೆ ಸರಕು ಕಳುಹಿಸುವ ದಲ್ಲಾಳಿಯದೂ ಇದೇ ನಿಯಮ. 200ರಲ್ಲಿ 130 ಹೋಗಿ 70 ಉಳಿಯಿತು, ಬೇಕಾದದ್ದು 260, ಅವನು 190 ಚೀಲ ಕೇಳುತ್ತಾನೆ. ಗಿರಾಕಿಯ ಹತ್ತು ಚೀಲದ ಏರಿಕೆ ರೈತನನ್ನು ಮುಟ್ಟುವಾಗ ತೊಂಬತ್ತಾಯಿತು!

ಮುಂದಿನ ವಾರ ಮಾರಾಟ ಮತ್ತೆ 100ಕ್ಕೆ ಇಳಿಯಿತು. ವ್ಯಾಪಾರಿಯಲ್ಲಿ 120 ಉಳಿದಿದೆ, 200 ಬೇಕು, 80 ತರಿಸುತ್ತಾನೆ. ದಲ್ಲಾಳಿಯಲ್ಲಿ 180 ಉಳಿದಿದೆ, ಅವನಿಗೆ ಬೇಕಾದದ್ದು ಕೇವಲ 160. ಅವನು ಒಂದು ಚೀಲವನ್ನೂ ಕೊಳ್ಳುವುದಿಲ್ಲ. ಹಣ್ಣು ಕೊಯ್ದಿಟ್ಟ ರೈತನ ಗತಿಯೇನು? ಇಲ್ಲಿ ಯಾರೂ ಮೋಸ ಮಾಡಲಿಲ್ಲ, ಯಾರೂ ಲೆಕ್ಕ ತಪ್ಪಲಿಲ್ಲ. ತಪ್ಪು ಇರುವುದು ನಿಯಮದಲ್ಲಿ.

ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿಕೊಟ್ಟವರಲ್ಲಿ ಅಮೆರಿಕದ ಜೇ ಫಾರೆಸ್ಟರ್ ಪ್ರಮುಖರು. ಗಣಕಯಂತ್ರಗಳನ್ನು ಕಟ್ಟುತ್ತಿದ್ದ ಈ ಎಂಜಿನಿಯರು 1956ರಲ್ಲಿ ಎಂ.ಐ.ಟಿ.ಯ ನಿರ್ವಹಣಾಶಾಸ್ತ್ರದ ಶಾಲೆಗೆ ಬಂದರು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಕಾರ್ಖಾನೆಯೊಂದರಲ್ಲಿ ಕೆಲಸಗಾರರ ಸಂಖ್ಯೆ ಏಕೆ ಏರಿಳಿಯುತ್ತದೆಂದು ಅಲ್ಲಿನ ಅಧಿಕಾರಿಗಳು ಕೇಳಿದಾಗ, ಕಾಗದ ಪೆನ್ಸಿಲಿನ ಲೆಕ್ಕದಿಂದಲೇ ಅದರ ಕಾರಣ ಕಂಪನಿಯ ನಿಯಮಗಳೊಳಗೇ ಇದೆಯೆಂದು ಕಂಡುಕೊಂಡರು. ಅವರ ಪ್ರಸಿದ್ಧ ಲೇಖನ 1958ರಲ್ಲಿ ಪ್ರಕಟವಾಯಿತು. ಹಿಡಿಯ ಸಣ್ಣ ಅಲುಗಾಟ ತುದಿಯಲ್ಲಿ ದೊಡ್ಡ ಬೀಸಾಗುವುದರಿಂದ ಇದಕ್ಕೆ ಚಾವಟಿ ಪರಿಣಾಮವೆಂದು ಹೆಸರಾಗಿದೆ.

ಈಗ ನಮ್ಮ ತರುಣನ ಪ್ರಶ್ನೆ ತಿಳಿಯಿತಲ್ಲವೆ? ಉದ್ಯೋಗದಲ್ಲಿ ಅವನು ಕೇಳಬೇಕಾದದ್ದು, “ಈ ವಾರ ಎಷ್ಟು ಚೀಲ ತರಿಸಲಿ?” ಎಂದು, ಸಂಶೋಧನೆಯಲ್ಲಿ ಕೇಳಬೇಕಾದದ್ದು, “ಯಾವ ನಿಯಮದಿಂದ ತರಿಸಿದರೆ ಈ ಏರಿಳಿತ ಅಡಗುತ್ತದೆ?” ಎಂದು. ಮೊದಲನೆಯದಕ್ಕೆ ಸಂಜೆಯೊಳಗೆ ಉತ್ತರ ಬೇಕು. ಎರಡನೆಯದಕ್ಕೆ ಹಲವು ವರ್ಷ ಬೇಕಾದೀತು. ಸಂಬಳ ಕಡಿಮೆಯಾಗುತ್ತದೆ, ಮರೆತ ಸಂಭವನೀಯತೆಯ ಗಣಿತವನ್ನು ತನಗಿಂತ ಕಿರಿಯರೊಡನೆ ಕುಳಿತು ಕಲಿಯಬೇಕಾಗುತ್ತದೆ. ಅನುಭವ ಒಳ್ಳೆಯ ಪ್ರಶ್ನೆಯನ್ನು ಕೊಡುತ್ತದೆ, ಪ್ರಮಾಣವನ್ನು ಕೊಡುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉದ್ಯೋಗದಲ್ಲಿದ್ದುಕೊಂಡೇ ಸಂಶೋಧನೆ ನಡೆಸುವ ಬಾಹ್ಯ ನೋಂದಣಿಯ ಏರ್ಪಾಟೂ ಇದೆ.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಿ ನೋಡಬಹುದು. ದಲ್ಲಾಳಿಯು ವ್ಯಾಪಾರಿಯ ಬೇಡಿಕೆಯನ್ನು ಬಿಟ್ಟು, ಗಿರಾಕಿಗೆ ನಿಜವಾಗಿ ಮಾರಾಟವಾದ ಚೀಲಗಳನ್ನು ನೋಡಿ ತನ್ನ ದಾಸ್ತಾನನ್ನು ನಿರ್ಧರಿಸಲಿ. ಆಗ ಮೊದಲ ವಾರ ಅವನಿಗೆ ಬೇಕಾದ ದಾಸ್ತಾನು 220. ಅವನು ತರಿಸುವುದು 190 ಅಲ್ಲ, 150. ಎರಡನೆಯ ವಾರ ಎಷ್ಟಾಗುತ್ತದೆ? ಲೆಕ್ಕ ಹಾಕಿ. ರೈತನ ಚೀಲಗಳಿಗೆ ಆ ವಾರ ಗಿರಾಕಿ ಸಿಗುವುದನ್ನು ಕಾಣುವಿರಿ.