ಕ್ರಿಸ್‌ಮಸ್ ಊಟಕ್ಕೆ ಮೂರು ಬಾಟಲಿ

ಆರು ವರ್ಷಗಳ ಹಿಂದಿನ ಕ್ರಿಸ್‌ಮಸ್. ಮಂಗಳೂರಿನಿಂದ ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ಅವರ ಇಬ್ಬರು ಮಕ್ಕಳು, ತಮ್ಮನ ಸಂಸಾರ ಎಲ್ಲರೂ ಬೆಂಗಳೂರಿನ ನಮ್ಮ ಮನೆಗೆ ಬಂದಿದ್ದರು. ಅಂಜಲ್ ಮೀನಿನ ಫ್ರೈ, ಸನ್ನ, ಹಂದಿ ಬಫಾತ್, ಕಾಳುಮೆಣಸಿನ ಮಟನ್ ರೋಸ್ಟ್, ಮಾಂಸ ತಿನ್ನದ ನಾದಿನಿಗೆ ತರಕಾರಿ ಪಲಾವ್. ಇಷ್ಟೆಲ್ಲ ಮಾಡಿ ವೈನ್ ವಿಷಯದಲ್ಲಿ ಕೈ ಬಿಗಿ ಹಿಡಿಯುವುದೇಕೆ ಎಂದು 3,400 ರೂಪಾಯಿ ಕೊಟ್ಟು ಫ್ರಾನ್ಸಿನ ಒಂದು ಕೆಂಪು ವೈನ್ ತಂದಿದ್ದೆ. ಚಿಕ್ಕಪ್ಪ ಬಫಾತಿನ ತುತ್ತು ನುಂಗಿ ಒಂದು ಗುಟುಕು ಕುಡಿದವರೇ ಗ್ಲಾಸು ಕೆಳಗಿಟ್ಟರು.

“ಬಾಯಿ ಉರಿತದೆ ಮಾರಾಯ್ತಿ. ಒಗರು ಬೇರೆ.”

ಕುಡಿಯುವವರು ಏಳು ಜನ, ಬಾಟಲಿಯಿಂದ ತುಂಬಿದ್ದು ಐದೇ ಗ್ಲಾಸು. ಊಟ ಮುಗಿದಾಗ ಆ ಐದರಲ್ಲೂ ಅರ್ಧರ್ಧ ಉಳಿದಿತ್ತು. ಪಾತ್ರೆ ತೊಳೆಯುವಾಗ ಮನಸ್ಸಿನಲ್ಲೇ ಭಾಗಿಸಿ ನೋಡಿದೆ. ಗ್ಲಾಸಿಗೆ 680 ರೂಪಾಯಿ. ಅಷ್ಟನ್ನೂ ಸಿಂಕಿಗೆ ಸುರಿಯುವಾಗ ಹೊಟ್ಟೆ ಉರಿಯಿತು.

ವೈನ್ ಕೆಟ್ಟದ್ದಾಗಿರಲಿಲ್ಲ. ನಮ್ಮ ಅಡುಗೆಗೆ ಅದು ಹೊಂದಲಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು, ಆ 3,400 ರೂಪಾಯಿಯಲ್ಲಿ ದ್ರಾಕ್ಷಿಗೆ ಸಂದದ್ದೆಷ್ಟು ಎಂಬ ಪ್ರಶ್ನೆ. ಆಗ ವಿದೇಶಿ ವೈನಿನ ಮೇಲಿನ ಆಮದು ಸುಂಕ ಶೇ. 150. ಅಂದರೆ ನೂರು ರೂಪಾಯಿಯ ಮಾಲು ಬಂದರು ದಾಟುವಾಗಲೇ ಇನ್ನೂರೈವತ್ತು ಆಗಿರುತ್ತಿತ್ತು. ಅದರ ಮೇಲೆ ರಾಜ್ಯದ ಅಬಕಾರಿ, ಸಾಗಣೆ, ಆಮದುದಾರರ ಮತ್ತು ಅಂಗಡಿಯವರ ಲಾಭ. ಮದ್ಯ ಜಿಎಸ್‌ಟಿಯ ಹೊರಗಿರುವುದರಿಂದ ಒಂದೊಂದು ರಾಜ್ಯದಲ್ಲೂ ಒಂದೊಂದು ತೆರಿಗೆ, ಒಂದೊಂದು ಬೆಲೆ.

ನಮ್ಮ ರಾಜ್ಯದ ಮಟ್ಟಿಗೆ ಇದರಲ್ಲೊಂದು ಅನುಕೂಲವಿದೆ. ಇಲ್ಲಿನ ದ್ರಾಕ್ಷಿಯಿಂದ ಇಲ್ಲೇ ವೈನ್ ತಯಾರಾಗಲಿ ಎಂದು ಕರ್ನಾಟಕ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಅದಕ್ಕೂ ಮೊದಲೇ, 1988ರಲ್ಲಿ, ಕನ್ವಲ್ ಗ್ರೋವರ್ ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ವೈನರಿಗೆ ಅಡಿಪಾಯ ಹಾಕಿದ್ದರು. ಅದೀಗ ಗ್ರೋವರ್ ಜಂಪಾ. ಹಂಪಿಯ ಕಡೆಯ ಗುಡ್ಡಗಳಲ್ಲಿ ಕ್ರಿಸ್ಮಾ ವೈನರಿ ಇದೆ. ನಂದಿ ತಪ್ಪಲಿನಲ್ಲಿ ಹಗಲು ಬಿಸಿಲು, ರಾತ್ರಿ ತಂಪು. ಹಣ್ಣು ಸಿಹಿಯಾಗುತ್ತಲೇ ಹುಳಿಯನ್ನೂ ಉಳಿಸಿಕೊಳ್ಳುವುದು ಆ ತಂಪಿನಿಂದ. ನನ್ನ ಮನೆಯಿಂದ ಎರಡು ಗಂಟೆಯ ದಾರಿಯಲ್ಲಿ ಇಂಥ ತೋಟ ಇರುವಾಗ, ಹಡಗಿನ ಬಾಡಿಗೆಗೂ ಆಮದು ಸುಂಕಕ್ಕೂ ಹಬ್ಬದ ದುಡ್ಡು ಕೊಡುವುದು ಬೇಡ ಎಂದು ಅಂದೇ ತೀರ್ಮಾನಿಸಿದೆ.

ಈಗ ಅಂಗಡಿಗೆ ಹೋಗುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕುತ್ತೇನೆ. 750 ಮಿಲಿ ಲೀಟರಿನ ಬಾಟಲಿಯಲ್ಲಿ 150 ಮಿ.ಲೀ.ನಂತೆ ಐದು ಗ್ಲಾಸು. ಊಟಕ್ಕೆ ಹನ್ನೊಂದು ಜನ. ಅಮ್ಮ, ನಾದಿನಿ, ಇಬ್ಬರು ಮಕ್ಕಳನ್ನು ಬಿಟ್ಟರೆ ಏಳು. ತಲೆಗೆ ಎರಡರಂತೆ ಹದಿನಾಲ್ಕು ಗ್ಲಾಸು. ಮೂರು ಬಾಟಲಿ ಸಾಕು, ಒಂದು ಗ್ಲಾಸು ಮಿಗುತ್ತದೆ. ಹಬ್ಬದ ಭರದಲ್ಲಿ ‘ಇರಲಿ’ ಎಂದು ನಾಲ್ಕನೆಯದನ್ನು ತಂದರೆ ಅದು ಖರ್ಚೂ ಹೌದು, ಕುಡಿಯುವವರಿಗೆ ಒತ್ತಾಯವೂ ಹೌದು. ಊಟದ ನಂತರ ಕಾರು ಓಡಿಸಬೇಕಾದವರಿದ್ದರೆ ಅವರನ್ನು ಈ ಲೆಕ್ಕಕ್ಕೆ ಸೇರಿಸುವುದೇ ಇಲ್ಲ.

ಮೂರು ಬಾಟಲಿ ಯಾವುವು ಎಂಬುದನ್ನು ಅಡುಗೆಯೇ ಹೇಳುತ್ತದೆ. ಮೊದಲು ಬರುವುದು ಅಂಜಲ್ ಫ್ರೈ. ಅದರ ಮೇಲೆ ನಿಂಬೆ ಹಿಂಡುತ್ತೇವಲ್ಲ, ಆ ನಿಂಬೆಯ ಕೆಲಸವನ್ನೇ ಮಾಡುವ ವೈನ್ ಬೇಕು. ಸೋವಿನ್ಯೋ ಬ್ಲಾಂ ಎಂಬ ಬಿಳಿ ವೈನಿನ ಚುರುಕು ಹುಳಿ ಎಣ್ಣೆಯ ಜಿಡ್ಡನ್ನು ತೊಳೆದು ಮುಂದಿನ ತುತ್ತಿಗೆ ನಾಲಿಗೆಯನ್ನು ಸಿದ್ಧ ಮಾಡುತ್ತದೆ.

ಕಷ್ಟದ್ದೆಂದರೆ ಬಫಾತ್. ಬ್ಯಾಡಗಿ ಮೆಣಸು, ವಿನೆಗರ್, ಹಂದಿಯ ಕೊಬ್ಬು ಮೂರೂ ಒಂದೇ ಪಾತ್ರೆಯಲ್ಲಿ. ಮದ್ಯಸಾರ ಹೆಚ್ಚಿದ್ದಷ್ಟೂ ಖಾರ ಹೆಚ್ಚು ಉರಿಯುತ್ತದೆ. ಕೆಂಪು ವೈನಿನ ಒಗರು, ಅಂದರೆ ಸಿಪ್ಪೆ, ಬೀಜ ಮತ್ತು ಓಕ್ ಪೀಪಾಯಿಯಿಂದ ಬರುವ ಟ್ಯಾನಿನ್, ಆ ಉರಿಯನ್ನು ಇನ್ನಷ್ಟು ಕೆರಳಿಸುತ್ತದೆ. ಚಿಕ್ಕಪ್ಪನಿಗೆ ಆದದ್ದು ಅದೇ. ಇದಕ್ಕೆ ನಾನು ಕಂಡುಕೊಂಡ ಮದ್ದು ತುಸು ಸಿಹಿ ಉಳಿಸಿದ ಶೆನಿನ್ ಬ್ಲಾಂ. ಸಿಹಿ ಖಾರವನ್ನು ತಣಿಸುತ್ತದೆ, ಹುಳಿ ವಿನೆಗರಿಗೆ ಸಮನಾಗಿ ನಿಲ್ಲುತ್ತದೆ. ತರಕಾರಿ ಪಲಾವಿಗೂ ಇದು ಒಗ್ಗುತ್ತದೆ. ಬಿಳಿ ವೈನ್‌ಗಳ ಪೈಕಿ ಬೆಲೆಯೂ ಸಾಮಾನ್ಯವಾಗಿ ಕೈಗೆಟಕುವಂಥದ್ದೇ.

ಕೆಂಪು ವೈನ್ ಮಟನ್ ರೋಸ್ಟಿಗೆ ಮೀಸಲು. ಮೆಣಸಿನಕಾಯಿ ಇಲ್ಲದ, ಕಾಳುಮೆಣಸಿನ ಘಮದ ರೋಸ್ಟಿನಲ್ಲಿ ಮಾಂಸ ಮತ್ತು ಕೊಬ್ಬು ಸೇರಿ ಒಗರನ್ನು ಮೆತ್ತಗಾಗಿಸುತ್ತವೆ. ಅಲ್ಲಿ ನಂದಿ ತಪ್ಪಲಿನ ಕ್ಯಾಬರ್ನೆ ಶಿರಾಜ್ ಮಿಶ್ರಣ ಚೆನ್ನಾಗಿ ಕೂರುತ್ತದೆ.

ಕಳೆದ ವರ್ಷದ ನನ್ನ ಬಿಲ್ಲು ಹೀಗಿತ್ತು: ಸೋವಿನ್ಯೋ ಬ್ಲಾಂ 850, ಶೆನಿನ್ ಬ್ಲಾಂ 750, ಕ್ಯಾಬರ್ನೆ ಶಿರಾಜ್ 1,050. ಒಟ್ಟು 2,650 ರೂಪಾಯಿ, ಗ್ಲಾಸಿಗೆ ಸುಮಾರು 177. ಒಂದು ಬಾಟಲಿಗೆ ಕೊಟ್ಟದ್ದಕ್ಕಿಂತ ಕಡಿಮೆ ಹಣದಲ್ಲಿ ಮೂರು ಬಾಟಲಿ ಬಂದವು, ಒಂದೊಂದು ಖಾದ್ಯಕ್ಕೂ ಅದರದೇ ಜೋಡಿ ಸಿಕ್ಕಿತು.

ಅಂಗಡಿಯಲ್ಲಿ ನಿಂತಾಗ ಎರಡು ವಿಷಯ ನೋಡಿ. ಮೊದಲನೆಯದು ಲೇಬಲ್ಲಿನ ಮೇಲಿನ ಕೊಯ್ಲಿನ ವರ್ಷ. ನಮ್ಮಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಹೆಚ್ಚಾಗಿ ಜನವರಿಯಿಂದ ಏಪ್ರಿಲ್ ನಡುವೆ. ಹಾಗಾಗಿ ಡಿಸೆಂಬರಿನಲ್ಲಿ ಕೊಳ್ಳುವಾಗ ಅದೇ ವರ್ಷದ ಅಥವಾ ಹಿಂದಿನ ವರ್ಷದ ಬಿಳಿ ವೈನ್ ಆರಿಸಿಕೊಳ್ಳಿ. ನಾಲ್ಕೈದು ವರ್ಷ ಹಳೆಯ ಸಾಧಾರಣ ಬಿಳಿ ವೈನ್ ರಿಯಾಯಿತಿಯಲ್ಲಿ ಸಿಕ್ಕರೂ ಬೇಡ, ಅದರ ಪರಿಮಳ ಆಗಲೇ ಹೋಗಿರುತ್ತದೆ. ಎರಡನೆಯದು, ಬಾಟಲಿ ಇಟ್ಟಿರುವ ಜಾಗ. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ತಿಂಗಳುಗಟ್ಟಲೆ ನಿಂತದ್ದನ್ನು ಬಿಟ್ಟು, ಒಳಗಿನ ಪೆಟ್ಟಿಗೆಯಿಂದ ಕೊಡಿ ಎಂದು ಕೇಳಿ. ಕೇಳಿದರೆ ಕೊಡುತ್ತಾರೆ. ತಿರುಪು ಮುಚ್ಚಳ ಕಂಡು ಅಗ್ಗದ ಮಾಲು ಎಂದುಕೊಳ್ಳುವುದೂ ಬೇಡ. ಮಿಕ್ಕ ವೈನನ್ನು ಅದೇ ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ರುಚಿ ಕೆಡದು. ಆಮೇಲೆಯೂ ಉಳಿದದ್ದು ನಮ್ಮಲ್ಲಿ ರೋಸ್ಟಿನ ಗ್ರೇವಿಗೆ ಹೋಗುತ್ತದೆ.

ಕೇಕಿಗೆ ನಾನು ವೈನ್ ಕೊಳ್ಳುವುದಿಲ್ಲ. ಸಿಹಿ ಕೇಕಿನ ಜೊತೆ ಸಿಹಿಯಿಲ್ಲದ ವೈನ್ ಬರೀ ಹುಳಿಯೆನಿಸುತ್ತದೆ. ಪ್ಲಮ್ ಕೇಕ್ ಬರುವ ಹೊತ್ತಿಗೆ ಅಮ್ಮ ತನ್ನ ಭರಣಿಯಿಂದ ಸೋಸಿ ತಂದ ಪುಟ್ಟ ಬಾಟಲಿ ತೆಗೆಯುತ್ತಾಳೆ. ಸಕ್ಕರೆ, ಗೋಧಿ, ಈಸ್ಟ್ ಹಾಕಿ ಹುಳಿ ಬರಿಸಿದ ಬೆಂಗಳೂರು ನೀಲಿ ದ್ರಾಕ್ಷಿಯದು. 2013ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಆ ದ್ರಾಕ್ಷಿ ಬೆಳೆಯುವುದೂ ನಂದಿಯ ಸುತ್ತಮುತ್ತಲೇ. ಅಂಗಡಿಯ ವೈನ್ ಮುಟ್ಟದ ಅಮ್ಮ ಇದನ್ನು ಎರಡು ಚಮಚ ಕುಡಿಯುತ್ತಾಳೆ. ಮಕ್ಕಳಿಗೂ ನಾದಿನಿಗೂ ಅದೇ ದ್ರಾಕ್ಷಿಯ ರಸ, ನಮ್ಮಂಥದೇ ಗ್ಲಾಸಿನಲ್ಲಿ. ಕುಡಿಯದವರು ಬೇರೆ ಸಾಲಿನವರು ಅನ್ನಿಸಬಾರದು.

ಮನೆಖರ್ಚಿನ ಪುಸ್ತಕದಲ್ಲಿ ಹಬ್ಬದೂಟಕ್ಕೆಂದೇ ಒಂದು ಪುಟ ಇಟ್ಟಿದ್ದೇನೆ. ಖಾದ್ಯ, ವೈನ್, ಬೆಲೆ, ಉಳಿದದ್ದು ಎಂದು ನಾಲ್ಕು ಕಾಲಂ. ಮುಂದಿನ ವರ್ಷ ಏನು ಕೊಳ್ಳಬೇಕೆಂದು ನನಗೆ ತಿಳಿಸುವುದು ಕೊನೆಯ ಕಾಲಂ. ಕಳೆದ ವರ್ಷ ಬಫಾತಿನ ಎದುರು ‘ಶೆನಿನ್ ಬ್ಲಾಂ, 750’ ಎಂದು ಬರೆದು ಕೊನೆಯ ಕಾಲಮ್ಮಿಗೆ ಬಂದಾಗ ಬಾಟಲಿ ಎತ್ತಿ ನೋಡಿದೆ. ಮಿಗಬೇಕಾಗಿದ್ದ ಹದಿನೈದನೆಯ ಗ್ಲಾಸು ಚಿಕ್ಕಪ್ಪನ ಕೈಯಲ್ಲಿತ್ತು.