ಹುಟ್ಟಿದ ಮೇಲೂ ಎಚ್ಚರವಾಗದ ಮರಿ

ಪ್ರಶ್ನೆ: ಆಗಷ್ಟೇ ಹುಟ್ಟಿದ ಕುದುರೆಮರಿ ತಾಯಿಯ ಕೆಚ್ಚಲು ಬಿಟ್ಟು ಲಾಯದ ಗೋಡೆ ನೆಕ್ಕುತ್ತಿತ್ತು. ಎದೆಗೆ ಹಗ್ಗ ಸುತ್ತಿ ಬಿಗಿದರು. ಮರಿ ಮಲಗಿ ನಿದ್ದೆಹೋಯಿತು. ಎದ್ದದ್ದೇ ತಾಯಿಯ ಬಳಿ ಹೋಗಿ ಹಾಲು ಕುಡಿಯಿತು. ಮೊಬೈಲಿಗೆ ಬಂದ ಈ ವಿಡಿಯೊ ನಿಜವೋ, ಕಣ್ಕಟ್ಟೋ?

ಉತ್ತರ: ಕಣ್ಕಟ್ಟಲ್ಲ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯ ಜಾನ್ ಮ್ಯಾಡಿಗನ್ ರೂಪಿಸಿದ ವಿಧಾನ ಅದು. 'ಮ್ಯಾಡಿಗನ್ ಸ್ಕ್ವೀಜ್' ಎಂದೇ ಹೆಸರಾಗಿದೆ.

ಇಂಥ ಮರಿಗಳಿಗೆ ಕುದುರೆ ಸಾಕುವವರು 'ಡಮ್ಮಿ ಫೋಲ್' ಎನ್ನುತ್ತಾರೆ. ತಾಯಿಯ ಗುರುತಿಲ್ಲ, ಚೀಪುವುದು ಗೊತ್ತಿಲ್ಲ, ಸುಮ್ಮನೆ ಅಲೆಯುತ್ತವೆ. ಹುಟ್ಟುವಾಗ ಮಿದುಳಿಗೆ ಆಮ್ಲಜನಕ ಸಾಲದೆ ಹೀಗಾಗುತ್ತದೆ ಎಂಬುದು ಹಳೆಯ ವಿವರಣೆ. ಕೆಲವು ಮರಿಗಳ ಮಟ್ಟಿಗೆ ಅದು ಈಗಲೂ ಸರಿಯೇ. ಆದರೆ ನಳಿಕೆಯಲ್ಲಿ ಹಾಲುಣಿಸಿ ಕೆಲವು ದಿನ ಹಗಲೂ ರಾತ್ರಿ ನೋಡಿಕೊಂಡರೆ ಬಹುಪಾಲು ಮರಿಗಳು ಏನೂ ಆಗಿಲ್ಲವೆಂಬಂತೆ ಎದ್ದು ಕುಣಿಯುತ್ತವೆ. ಮಿದುಳಿಗೆ ನಿಜವಾಗಿ ಪೆಟ್ಟು ಬಿದ್ದಿದ್ದರೆ ಇಷ್ಟು ಸಲೀಸಾಗಿ ವಾಸಿಯಾದೀತೆ? ಮ್ಯಾಡಿಗನ್ ಅವರನ್ನು ಕಾಡಿದ್ದು ಇದೇ.

ಕುದುರೆಯ ಗರ್ಭಕಾಲ ಸುಮಾರು 11 ತಿಂಗಳು. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಓಡಬಲ್ಲ, 50 ಕಿಲೋ ಹತ್ತಿರ ತೂಗುವ ಪ್ರಾಣಿ ಹೊಟ್ಟೆಯೊಳಗೇ ನಾಗಾಲೋಟ ಶುರುಮಾಡಿದರೆ ತಾಯಿಯ ಗತಿ ಏನು? ಹಾಗಾಗದಂತೆ ಪ್ರೊಜೆಸ್ಟೆರಾನ್ ಬಳಗದ ಕೆಲವು ರಾಸಾಯನಿಕಗಳು ಮರಿಯನ್ನು ಮಂಪರಿನಲ್ಲಿಡುತ್ತವೆ. ಈಯುವಾಗ ಸುಮಾರು 20 ನಿಮಿಷ ಮರಿಯ ಎದೆ ಇಕ್ಕಟ್ಟಾದ ದಾರಿಯಲ್ಲಿ ಅದುಮಿಸಿಕೊಳ್ಳುತ್ತದೆ. ಆ ಒತ್ತಡವೇ 'ಇನ್ನು ಏಳು' ಎಂಬ ಸೂಚನೆ ಎಂದು ಮ್ಯಾಡಿಗನ್ ತರ್ಕಿಸಿದರು. ತೀರ ಬೇಗ ಜಾರಿಬಂದ ಮರಿಗೂ ಸಿಸೇರಿಯನ್ ಮರಿಗೂ ಆ ಸೂಚನೆ ಸಿಕ್ಕಿರುವುದಿಲ್ಲ. ಮೆತ್ತನೆಯ ಹಗ್ಗದ ಸುತ್ತುಗಳು ಅದನ್ನೇ 20 ನಿಮಿಷ ಮತ್ತೆ ಕೊಡುತ್ತವೆ. ಒಂದು ರೀತಿಯಲ್ಲಿ ಎರಡನೇ ಜನ್ಮ.

ತರ್ಕ ಚೆಂದವಾಗಿದೆ ಎಂದಮಾತ್ರಕ್ಕೆ ನಿಜವಾಗಬೇಕೆಂದಿಲ್ಲವಲ್ಲ. ಅದಕ್ಕೇ ಆರೋಗ್ಯವಾಗಿದ್ದ ಮರಿಗೆ ಅಲೋಪ್ರೆಗ್ನನೊಲೋನ್ ಎಂಬ ಆ ಬಳಗದ ಸ್ಟೆರಾಯ್ಡನ್ನು ರಕ್ತನಾಳದ ಮೂಲಕ ಕೊಟ್ಟು ನೋಡಿದರು. ಮರಿ ಮಂಕಾಯಿತು, ತಾಯಿಯನ್ನೇ ಮರೆತಂತಾಡಿತು. ಔಷಧದ ಅಮಲು ಇಳಿದಂತೆ ಸರಿಹೋಯಿತು. 2012ರಲ್ಲಿ ಪ್ರಕಟವಾದ ಈ ಪ್ರಯೋಗವೇ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಹಗ್ಗದ ಪರಿಣಾಮದ ಪುರಾವೆ ಅಷ್ಟು ಗಟ್ಟಿಯಿಲ್ಲ. ಬಿಗಿದ ಮರಿಗಳು ಬೇಗ ಚೇತರಿಸಿಕೊಂಡವು ಎಂದು 2017ರ ವರದಿ ಹೇಳುತ್ತದೆ, ನಿಜ. ಆದರೆ ಅದು ವೈದ್ಯರನ್ನು ಕೇಳಿ ಬರೆದುಕೊಂಡ ಸಮೀಕ್ಷೆ. ಯಾವ ಮರಿಗೆ ಹಗ್ಗ, ಯಾವುದಕ್ಕೆ ಬೇಡ ಎಂದು ಚೀಟಿ ಎತ್ತಿ ನಡೆಸಿದ ಪರೀಕ್ಷೆಯಲ್ಲ.

ವಿಡಿಯೊ ನೋಡಿ ಯಾರಾದರೂ ಹಗ್ಗ ಹುಡುಕಲು ಹೊರಟರೆ ಎಂಬ ಭಯ ನನಗಿದೆ. ಹುಟ್ಟುವಾಗಲೇ ಪಕ್ಕೆಲುಬು ಮುರಿದುಕೊಂಡ ಮರಿಗಳು ಅಪರೂಪವೇನಲ್ಲ. ಅಂಥದ್ದನ್ನು ಬಿಗಿದರೆ ಚೂರು ಶ್ವಾಸಕೋಶಕ್ಕೆ ಚುಚ್ಚೀತು. ರಕ್ತಕ್ಕೆ ಸೋಂಕು ತಗುಲಿದ ಮರಿಯೂ ಮೊದಮೊದಲು ಹೀಗೇ ಮಂಕಾಗಿ, ಚೀಪದೆ ನಿಂತಿರುತ್ತದೆ. ಯಾವುದು ಯಾವುದೆಂದು ಹೇಳಬೇಕಾದವರು ವೈದ್ಯರು.

ಅವರು ಬರುವವರೆಗೆ ಗಡಿಯಾರ ನೋಡುತ್ತಿರಬೇಕು. ಮರಿ ಒಂದು ಗಂಟೆಯೊಳಗೆ ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು. ಮನುಷ್ಯರ ಕೂಸಿಗೆ ಗರ್ಭದಲ್ಲಿದ್ದಾಗಲೇ ತಾಯಿಯ ರೋಗನಿರೋಧಕ ಕಣಗಳು ದಾಟಿಬರುತ್ತವೆ. ಕುದುರೆಯ ಮಾಸು ಅವನ್ನು ದಾಟಿಸುವುದಿಲ್ಲ. ಎಲ್ಲವೂ ಗಿಣ್ಣುಹಾಲಿನಿಂದಲೇ ಬರಬೇಕು. (ಹಸುವಿನ ಗಿಣ್ಣಿನಲ್ಲಿ ನಾವು ಪಾಲು ಕೇಳುತ್ತೇವೆ, ಕುದುರೆಯ ಗಿಣ್ಣು ಸದ್ಯ ಪೂರ್ತಿ ಮರಿಯದೇ.) ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಒಂದು ದಿನದೊಳಗೆ ಮುಚ್ಚಿಬಿಡುತ್ತದೆ. ಮರಿ ತಾನಾಗಿ ಚೀಪದಿದ್ದರೆ ಗಿಣ್ಣು ಕರೆದು, ವೈದ್ಯರಿಂದ ನಳಿಕೆ ಹಾಕಿಸಿ ಕುಡಿಸಬೇಕು. ಆ ಹೊತ್ತೂ ಮೀರಿದರೆ ಉಳಿಯುವುದು ಬೇರೆ ಕುದುರೆಯ ಪ್ಲಾಸ್ಮಾವನ್ನು ರಕ್ತನಾಳದ ಮೂಲಕ ಕೊಡುವ ದುಬಾರಿ ಚಿಕಿತ್ಸೆಯೊಂದೇ.